ಪೈಪೋಟಿ ಬಿಟ್ಟು ಗುಂಪಾಗಿ ಅರ್ಜಿ ಹಾಕಿಸಿದೆ, ಸ್ಕಾಲರ್‌ಶಿಪ್ ಬಂತು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ವಿಜ್ಞಾನ, ಎಂಜಿನಿಯರಿಂಗ್ ಓದುವ ಕಪ್ಪು ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಸ್ಕಾಲರ್‌ಶಿಪ್ ಅರ್ಜಿ ಬರೆಸುತ್ತೇನೆ ಅಂದಾಗ ಸಹೋದ್ಯೋಗಿಗಳು ನಂಬಲಿಲ್ಲ. ಒಂದೇ ದುಡ್ಡಿಗೆ ಕೈಚಾಚುವವರು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಯಾಕೆ ತಿದ್ದುತ್ತಾರೆ ಅಂದರು. ಹೋದ ವರ್ಷ ಹತ್ತು ಹನ್ನೆರಡು ಮಂದಿ ಸೇರಿ ಹೆಚ್ಚುಕಮ್ಮಿ 60 ಸಾವಿರ ಡಾಲರ್ ತಂದರು. ಈಗ ಅದೇ ಸಹೋದ್ಯೋಗಿಗಳು ತಮ್ಮ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಯೋಚನೆ ಬಂದದ್ದು ಪಕ್ಕದ ಸರ್ಕಾರಿ ವಿಶ್ವವಿದ್ಯಾಲಯ ಯುಎಂಬಿಸಿಯಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ ಸ್ಕಾಲರ್‌ಶಿಪ್ ಕೊಡುವ ಮೇಯರ್‌ಹಾಫ್ ಕಾರ್ಯಕ್ರಮದಿಂದ. ಮುಂದೆ ಅಲ್ಲಿನ ಅಧ್ಯಕ್ಷರಾದ ಫ್ರೀಮನ್ ಹ್ರಬೌಸ್ಕಿ 1988ರಲ್ಲಿ ಶುರು ಮಾಡಿದ್ದು. ಅಲ್ಲಿ ಗುಂಪಾಗಿ ಓದುವುದೇ ಪದ್ಧತಿ. ಓದಿಗೆ ಆಗುವುದು ಅರ್ಜಿಗೂ ಆಗಬೇಕಲ್ವಾ?

ಮೊದಲ ವರ್ಷ ಏನೂ ಗಿಟ್ಟಲಿಲ್ಲ. ಎಲ್ಲರ ಕಣ್ಣೂ ದೊಡ್ಡದರ ಮೇಲೆ. ವಿಜ್ಞಾನ ಸಂಶೋಧನೆಗೆ ಹೋಗುವವರಿಗೆ ಕೊಡುವ ಗೋಲ್ಡ್‌ವಾಟರ್ ಸ್ಕಾಲರ್‌ಶಿಪ್‌ಗೆ ಕಾಲೇಜೇ ಕೆಲವರನ್ನು ಆರಿಸಿ ಹೆಸರು ಕಳಿಸಬೇಕು, ಅಲ್ಲಿಯವರೆಗೂ ನಮ್ಮವರು ಮುಟ್ಟಲಿಲ್ಲ. ಕಪ್ಪು ವಿದ್ಯಾರ್ಥಿಗಳಿಗೆ ನೆರವಾಗುವ ರಾಷ್ಟ್ರೀಯ ಸಂಸ್ಥೆ ಯುಎನ್‌ಸಿಎಫ್‌ಗೆ ದೇಶದ ಮೂಲೆಮೂಲೆಯಿಂದ ಅರ್ಜಿ ಬರುತ್ತವೆ. ಆಮೇಲೆ ಸಣ್ಣದಕ್ಕೆ ಇಳಿದೆವು. ಕಪ್ಪು ಜನರ ಚರ್ಚ್‌ಗಳು, ಸೊರೊರಿಟಿ ಅನ್ನುವ ಮಹಿಳಾ ಸಂಘಗಳ ಊರಿನ ಶಾಖೆಗಳು, ಕಪ್ಪು ಎಂಜಿನಿಯರ್‌ಗಳ ಸಂಘ ಎನ್‌ಎಸ್‌ಬಿಇಯ ಹಳೆಯ ವಿದ್ಯಾರ್ಥಿಗಳು. 500, 1000, ಅಪರೂಪಕ್ಕೆ 3000 ಡಾಲರ್. ಅರ್ಜಿ ಹಾಕುವವರೂ ಕಮ್ಮಿ. ಒಬ್ಬಳಿಗೆ ಹೊಂದದ ಸ್ಕಾಲರ್‌ಶಿಪ್ ಇನ್ನೊಬ್ಬನಿಗೆ ಹೊಂದುತ್ತದೆ, ಗುಂಪಿನಲ್ಲಿ ಸುದ್ದಿ ಹರಡುತ್ತದೆ. ಕಂಪ್ಯೂಟರ್ ಸೈನ್ಸ್ ಹುಡುಗ ಓದಿ ಅರ್ಥವಾಗಲಿಲ್ಲ ಅಂದರೆ ಕೆಮಿಸ್ಟ್ರಿ ಹುಡುಗಿ ಪ್ರಬಂಧ ಮತ್ತೆ ಬರೆಯಬೇಕು, ಅಷ್ಟೇ ನಿಯಮ.

ದೊಡ್ಡ ಏಟು ಬಿದ್ದದ್ದು ದುಡ್ಡು ಬಂದ ಮೇಲೆ. ಒಬ್ಬಳಿಗೆ ಹೊರಗಿನಿಂದ ನಾಲ್ಕು ಸಾವಿರದಷ್ಟು ಸಿಕ್ಕಿತು, ಕಾಲೇಜು ತಾನು ಕೊಡುವ ಗ್ರಾಂಟ್‌ನಲ್ಲಿ, ಅಂದರೆ ತೀರಿಸಬೇಕಿಲ್ಲದ ನೆರವಿನಲ್ಲಿ, ಅಷ್ಟನ್ನೇ ಕಡಿದು ಹಾಕಿತು. ಸಾಲ ಹಾಗೇ ಉಳಿಯಿತು. ಆ ಹುಡುಗಿ ರಾತ್ರಿಯೆಲ್ಲ ಕೂತು ಬರೆದದ್ದು ಅವಳ ಪಾಲಿಗೆ ಸೊನ್ನೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೇರಿಲ್ಯಾಂಡ್‌ನಲ್ಲಿ 2017ರಲ್ಲೇ ಇದಕ್ಕೆ ಕಡಿವಾಣ ಹಾಕುವ ಕಾನೂನು ಬಂತು, ಆದರೆ ಅದು ಸರ್ಕಾರಿ ಕಾಲೇಜುಗಳಿಗೆ. ಈಗ ಚೆಕ್ ಬರುವ ಮೊದಲೇ ಕಾಲೇಜಿಗೆ ಪತ್ರ ಬರೆಸುತ್ತೇನೆ: ಮೊದಲು ಸಾಲ ಕಮ್ಮಿ ಮಾಡಿ, ಆಮೇಲೆ ವರ್ಕ್ ಸ್ಟಡಿ (ಓದುತ್ತಾ ಕೆಲಸ ಮಾಡಿ ಗಳಿಸುವ ಪಾಲು), ಗ್ರಾಂಟ್ ಮುಟ್ಟಬೇಡಿ. ಮುಕ್ಕಾಲು ಪಾಲು ಸಲ ಒಪ್ಪುತ್ತಾರೆ. ಒಪ್ಪದಿದ್ದರೆ ಕೊಡುವವರನ್ನೇ ಕೇಳಿ ಹಣವನ್ನು ಮುಂದಿನ ವರ್ಷಕ್ಕೆ ತಳ್ಳಿಸುತ್ತೇವೆ.

ನಡುವೆ ಶಿಫಾರಸು ಪತ್ರದಲ್ಲೂ ಒಂದು ಪ್ರಯೋಗ ಮಾಡಿದೆ. ಅಂಕ ಹೊಗಳುವುದನ್ನು ಬಿಟ್ಟು, ಲ್ಯಾಬಿನಲ್ಲಿ ಕೆಟ್ಟು ಕೂತ ಪಂಪನ್ನು ಒಬ್ಬ ಹುಡುಗ ಹೇಗೆ ರಿಪೇರಿ ಮಾಡಿದ ಅಂತ ಬರೆದೆ. ಸಂದರ್ಶನದ ಕರೆಗಳು ಜಾಸ್ತಿಯಾದವು. ಹಾಗೇ ವಿಡಿಯೊ ಮಾಡಿಸಿ ಕಳಿಸಿಯೂ ನೋಡಿದೆ, ಸುಮ್ನೆ ಶ್ರಮ.

ಕಾಲೇಜು ಪ್ರವೇಶಕ್ಕೆ ಜನಾಂಗ ನೋಡುವಂತಿಲ್ಲ ಅಂದ 2023ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಲವು ಕಾಲೇಜುಗಳು ಜನಾಂಗ ನೋಡಿ ಕೊಡುತ್ತಿದ್ದ ಸ್ಕಾಲರ್‌ಶಿಪ್‌ಗಳ ನಿಯಮ ಬದಲಿಸಿವೆ. ಹಳೆಯ ಪಟ್ಟಿ ನೆಚ್ಚಿಕೊಂಡು ಕೂರಬೇಡಿ. ನಾನು ಪ್ರತಿ ಆಗಸ್ಟ್‌ನಲ್ಲಿ ಒಂದೊಂದನ್ನೂ ಹೊಸದಾಗಿ ಓದಿಸುತ್ತೇನೆ. ಎರಡು ವರ್ಷದ ಕಮ್ಯುನಿಟಿ ಕಾಲೇಜಿನಿಂದ ನಮ್ಮಲ್ಲಿಗೆ ಬರುವವರನ್ನು ಅದಕ್ಕೂ ಮೊದಲೇ, ವಸಂತದಲ್ಲೇ ಗುಂಪಿಗೆ ಸೇರಿಸಿಕೊಳ್ಳುತ್ತೇನೆ, ಯಾಕೆಂದರೆ ಅವರು ಕ್ಯಾಂಪಸ್‌ಗೆ ಕಾಲಿಡುವ ಹೊತ್ತಿಗೆ ಆ ವರ್ಷದ ದುಡ್ಡು ಬಹುಪಾಲು ಹಂಚಿ ಹೋಗಿರುತ್ತದೆ.