ಎಲೆಕ್ಟ್ರಿಕ್ ಕಾರಿಗೆ ಹಳೇ ಕಾಲದ ಮುಖ: ಕೂರಿಸುವುದು ಹೇಗೆ?

ದುಂಡು ಹೆಡ್‌ಲೈಟು, ಉಬ್ಬಿದ ಫೆಂಡರು, ಥಳಥಳಿಸುವ ಗ್ರಿಲ್ಲು. ಒಳಗೆ ಮಾತ್ರ ಬ್ಯಾಟರಿ, ಮೋಟರು. ಫೈಬರ್‌ಗ್ಲಾಸ್ ಪ್ಯಾನೆಲ್‌ಗಳ ಕಿಟ್ ತಂದು ಕಾರಿಗೆ ಈ ವೇಷ ಹಾಕಲು ಹೊರಟವರ ಕೆಲಸ ಕೆಡುವುದು ಬಣ್ಣದಲ್ಲಲ್ಲ, ಮೂತಿಯಲ್ಲಿ. ಕಾರು ನೋಡಲು ಚೆಂದವೇ ಇರುತ್ತದೆ. ಆದರೆ ಫಾಸ್ಟ್ ಚಾರ್ಜರ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ಚಾರ್ಜಿಂಗ್ ವೇಗ ಕುಸಿಯುತ್ತದೆ, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳು ಆರುವುದೇ ಇಲ್ಲ.

ಈ ಕೆಲಸಕ್ಕೆ ಒಳ್ಳೆಯ ಮೇಲ್ಪಂಕ್ತಿ ಜಪಾನಿನ ಮಿತ್ಸುವೋಕಾ ಎಂಬ ಕಾರು ಕಂಪನಿ. 1993ರಲ್ಲಿ ಅದು ನಿಸ್ಸಾನ್ ಮೈಕ್ರಾ ಕಾರನ್ನೇ ತೆಗೆದುಕೊಂಡು ಹಳೇ ಜಾಗ್ವಾರ್ ಹೋಲುವ ವ್ಯೂಟ್ ಎಂಬ ಕಾರು ಮಾಡಿತು. ಬಾಗಿಲು, ಛಾವಣಿ, ಗಾಜು ಇರುವ ನಡುಭಾಗ ಮೈಕ್ರಾದ್ದೇ. ಬದಲಾದದ್ದು ಮೂತಿ ಮತ್ತು ಹಿಂಭಾಗ. ಅದು ಪೆಟ್ರೋಲ್ ಕಾರು, ನಿಜ. ಎಲೆಕ್ಟ್ರಿಕ್ ಕಾರಿನಲ್ಲಂತೂ ನಡುಭಾಗಕ್ಕೆ ಕೈ ಹಾಕಲೇಬೇಡಿ.

ಕಾರಣ ಸರಳ. ಇಂದಿನ ಬಹುತೇಕ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಮೈಯೇ ಚಾಸಿಸ್. ನೆಲದಡಿಯ ಬ್ಯಾಟರಿ ಪೆಟ್ಟಿಗೆಯೂ ಅದರ ಬಿಗಿತಕ್ಕೆ ಹೆಗಲು ಕೊಡುತ್ತದೆ. ಹಳೇ ಜೀಪಿನಂತೆ ಮೈ ಎತ್ತಿಟ್ಟು ಬೇರೆಯದನ್ನು ಇಳಿಸಲು ಬರುವುದಿಲ್ಲ. ಬೋಲ್ಟ್ ಬಿಚ್ಚಿ ತೆಗೆಯಬಹುದಾದವು ಬಾನೆಟ್, ಮುಂದಿನ ಫೆಂಡರ್, ಎರಡು ಬಂಪರ್ ಮತ್ತು ಡಿಕ್ಕಿ ಬಾಗಿಲು. ಹಿಂದಿನ ಫೆಂಡರ್ ವೆಲ್ಡ್ ಆಗಿರುತ್ತದೆ. ಅದನ್ನು ಕತ್ತರಿಸದೆ ಮೇಲೊಂದು ತೆಳು ಹೊದಿಕೆ ಅಂಟಿಸಿ. ಬಾಗಿಲು ಹಾಗೇ ಇರಲಿ. ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್‌ಗೆ ಸುಳಿವು ಕೊಡುವುದು ಬಾಗಿಲಿನೊಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಅಂಥ ಬಾಗಿಲಿಗೆ ತೂತು ಕೊರೆದರೆ ಲೆಕ್ಕ ತಪ್ಪುತ್ತದೆ.

ಹೊರರೂಪ ಬದಲಿಸಲು ವಾಹನ ನೋಂದಣಿ ಕಚೇರಿಯ ಒಪ್ಪಿಗೆ, ವಿಮೆ ಕಂಪನಿಯ ಒಪ್ಪಿಗೆ ಎರಡನ್ನೂ ಬರಹದಲ್ಲಿ ಪಡೆದ ಮೇಲೇ ಸ್ಪ್ಯಾನರ್ ಹಿಡಿಯಿರಿ.

ಕರೆಂಟು ಮೊದಲು

ಕಿತ್ತಳೆ ಬಣ್ಣದ ಕೇಬಲ್ ಕಂಡಲ್ಲೆಲ್ಲ ಸುಮಾರು 400 ವೋಲ್ಟ್ ಇದೆ ಎಂದೇ ತಿಳಿಯಿರಿ. ಕೆಲವು ಕಾರುಗಳಲ್ಲಿ 800. ಕಾರು ಆಫ್ ಮಾಡಿ, ಕೀಲಿ ದೂರ ಇಟ್ಟು, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಸರ್ವಿಸ್ ಪ್ಲಗ್ (ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಬಿರಡೆ) ಎಳೆಸಿ ಜೇಬಿಗೆ ಹಾಕಿಕೊಳ್ಳಿ. ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿಯಲು ಕೈಪಿಡಿ ಹೇಳಿದಷ್ಟು ನಿಮಿಷ ಕಾಯಬೇಕು. ಕೈಪಿಡಿ ಸಿಗದಿದ್ದರೆ ಕೆಲಸವನ್ನೇ ಶುರು ಮಾಡಬೇಡಿ. ಪ್ಲಗ್ ಎಳೆಯುವುದು, ಮೀಟರ್ ಹಿಡಿದು ಸೊನ್ನೆ ನೋಡುವುದು 1000 ವೋಲ್ಟ್ ತಡೆಯುವ ಕೈಗವಸು ತೊಟ್ಟ, ತರಬೇತಿ ಪಡೆದವರ ಕೆಲಸ. ಪ್ಲಗ್ ಎಳೆದರೂ ಬ್ಯಾಟರಿ ಪೆಟ್ಟಿಗೆಯ ಒಳಗೆ ವೋಲ್ಟೇಜ್ ಇದ್ದೇ ಇರುತ್ತದೆ, ಆದ್ದರಿಂದ ಅದರ ಹತ್ತಿರ ವೆಲ್ಡಿಂಗ್ ಬೇಡವೇ ಬೇಡ.

ಫೈಬರ್ ಆರಿಸುವಾಗ

ಅಚ್ಚಿನಿಂದ ನಿನ್ನೆ ತೆಗೆದ ಪ್ಯಾನೆಲ್ ಕೊಳ್ಳಬೇಡಿ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾದ ಮೇಲೂ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಅವಸರದಲ್ಲಿ ಬಣ್ಣ ಹೊಡೆದರೆ ಎರಡೇ ತಿಂಗಳಲ್ಲಿ ಒಳಗಿನ ಮ್ಯಾಟ್‌ನ (ಗಾಜಿನ ನಾರಿನ ಹಾಸು) ಎಳೆಗಳು ಬಣ್ಣದ ಮೇಲೆ ಮೂಡುತ್ತವೆ. ಮೂರ್ನಾಲ್ಕು ವಾರ ಹಳೆಯದಾದ, ಹಿಂಬದಿಯಲ್ಲಿ ಗಾಳಿಗುಳ್ಳೆ ಕಾಣದ, 3 ಮಿ.ಮೀ. ದಪ್ಪದ ಮಾಲು ನೋಡಿ. ನೀವೇ ಹಾಸುವುದಾದರೆ ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್ ಮೂರು ಪದರ, ಮ್ಯಾಟ್‌ನ ತೂಕದ ಎರಡು ಎರಡೂವರೆ ಪಟ್ಟು ರೆಸಿನ್, ಹಾರ್ಡ್‌ನರ್ ಶೇ 1ರಿಂದ 2. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಸುರಿದರೆ ಪ್ಯಾನೆಲ್ ಬಿಸಿಯೇರಿ ತಿರುಚಿಕೊಳ್ಳುತ್ತದೆ.

ಮೂತಿ: ಕೆಡುವ ಜಾಗ

‘ಎಂಜಿನ್ನೇ ಇಲ್ಲವಲ್ಲ, ಗ್ರಿಲ್ಲಿಗೆ ಗಾಳಿ ಯಾಕೆ?’ ಎಂದು ಅಲ್ಲಿ ಫೈಬರ್ ತುಂಬಿಬಿಡುತ್ತಾರೆ. ಬಂಪರ್ ಹಿಂದೆ ಎ.ಸಿ. ಕಂಡೆನ್ಸರ್ ಇದೆ, ಮೋಟರಿನ ಕೂಲೆಂಟ್ ರೇಡಿಯೇಟರ್ ಇದೆ. ಬ್ಯಾಟರಿಗೆ ದ್ರವದ ತಂಪು ಇರುವ ಕಾರಿನಲ್ಲಿ ಅದರ ಬಿಸಿಯೂ ಇಲ್ಲೇ ಹೊರಬೀಳಬೇಕು. ಫಾಸ್ಟ್ ಚಾರ್ಜಿಂಗ್ ವೇಳೆ ಬ್ಯಾಟರಿ ಚೆನ್ನಾಗಿ ಬಿಸಿಯಾಗುತ್ತದೆ, ಆಗ ಕಾರು ನಿಂತೇ ಇರುತ್ತದೆ, ಫ್ಯಾನ್ ಎಳೆದಷ್ಟೇ ಗಾಳಿ. ದಾರಿ ಮುಚ್ಚಿದ್ದರೆ ಕಾರು ತನ್ನನ್ನು ಕಾಪಾಡಿಕೊಳ್ಳಲು ಚಾರ್ಜಿಂಗ್ ವೇಗ ಇಳಿಸುತ್ತದೆ.

ಹಳೇ ಬಂಪರ್ ಬಿಚ್ಚುವ ಮೊದಲೇ ಅದರ ಗಾಳಿ ಕಿಂಡಿಯ ಮೇಲೆ ಕಾಗದ ಹಿಡಿದು ಗೆರೆ ಎಳೆದುಕೊಳ್ಳಿ, ಬಿಡುವು ಎಷ್ಟು ಚದರ ಸೆಂ.ಮೀ. ಎಂದು ಲೆಕ್ಕ ಹಾಕಿ. ಹೊಸ ಮೂತಿಯಲ್ಲಿ ಅಷ್ಟೇ ಬಿಡುವು, ಅದೇ ಎತ್ತರದಲ್ಲಿ ಬೇಕು. ಅಳತೆ ಹಿಡಿಯಬೇಕಾದದ್ದು ಚೌಕಟ್ಟನ್ನಲ್ಲ, ಪಟ್ಟಿಗಳ ನಡುವಿನ ಸಂದನ್ನು. ಗ್ರಿಲ್ ಪಟ್ಟಿಗಳೇ ಶೇ 40 ಜಾಗ ತಿಂದರೆ, 600 ಚದರ ಸೆಂ.ಮೀ. ಬಿಡುವಿಗೆ 1000 ಚದರ ಸೆಂ.ಮೀ. ಚೌಕಟ್ಟು ಬೇಕು. ಹಳೇ ಬಂಪರ್ ಹಿಂದಿದ್ದ ಪ್ಲಾಸ್ಟಿಕ್ ತಡಿಕೆ, ಸ್ಪಂಜಿನ ಪಟ್ಟಿಗಳನ್ನು ಎಸೆಯಬೇಡಿ. ಅವಿಲ್ಲದಿದ್ದರೆ ರೇಡಿಯೇಟರ್ ದಾಟಿದ ಬಿಸಿಗಾಳಿ ಪಕ್ಕದಿಂದ ಸುತ್ತಿ ಮತ್ತೆ ಮುಂದಕ್ಕೇ ಬರುತ್ತದೆ. ಗಾಳಿಕಿಂಡಿ ದೊಡ್ಡದಿದ್ದೂ ಕಾರು ಬಿಸಿಯಾಗುವುದು ಹೆಚ್ಚಾಗಿ ಇದರಿಂದಲೇ.

ಎರಡನೆಯ ತೊಡಕು ರೇಡಾರ್. ಮುಂದಿನ ವಾಹನದ ದೂರ ನೋಡಿ ಬ್ರೇಕ್ ಹಾಕುವ ಈ ಪೆಟ್ಟಿಗೆ 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರ ಅಲೆಯ ಉದ್ದ ಗಾಳಿಯಲ್ಲಿ 4 ಮಿ.ಮೀ.ಗೂ ತುಸು ಕಡಿಮೆ, ಫೈಬರ್ ಒಳಗೆ ಸುಮಾರು ಅದರ ಅರ್ಧ. ಕೈಯಲ್ಲಿ ಹಾಸಿದ ಪ್ಯಾನೆಲ್‌ನ ದಪ್ಪ ಅಲ್ಲಲ್ಲಿ ಅರ್ಧ ಮಿ.ಮೀ. ಹೆಚ್ಚುಕಮ್ಮಿ ಇದ್ದರೂ ಅಲೆ ತಿರುಗಿ ಬರುತ್ತದೆ, ಇಲ್ಲವೇ ಬಾಗುತ್ತದೆ. ಕ್ರೋಮ್ ಲೇಪನವಂತೂ ಅದಕ್ಕೆ ಗೋಡೆಯೇ. ಪುಟ್ಟಿ, ಲೋಹದ ಪುಡಿಯ ಬಣ್ಣ ಕೂಡ ಅದರ ಮುಂದೆ ಬರಬಾರದು. ಕೆಲಸ ಕೊಡುವ ದಾರಿ ಒಂದೇ: ಫೈಬರ್‌ನಲ್ಲಿ ಕಿಟಕಿ ಕತ್ತರಿಸಿ, ಕಂಪನಿಯೇ ಕೊಟ್ಟ ರೇಡಾರ್ ಮುಚ್ಚಳವನ್ನು ಅದೇ ದೂರಕ್ಕೆ, ಅದೇ ಓರೆಗೆ ಕೂರಿಸುವುದು. ಗ್ರಿಲ್ ಕಪ್ಪಗಿದ್ದರೆ ಆ ಮುಚ್ಚಳ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಕಪ್ಪು ಗ್ರಿಲ್ಲೇ ಸರಿ. ಹೊಳಪಿನ ಆಸೆಯನ್ನು ಅಂಚಿನ ಪಟ್ಟಿಗೆ ಸೀಮಿತಗೊಳಿಸಿ. ಸ್ಪ್ರೇ ಡಬ್ಬಿಯ ‘ಕ್ರೋಮ್’ ಎಲ್ಲಿಗೂ ಬೇಡ, ನಾಲ್ಕು ಸಲ ತೊಳೆದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಮೂರನೆಯದು, ಬಂಪರ್ ಹಿಂದಿನ ಅಡ್ಡ ತೊಲೆ ಮತ್ತು ಅಪಘಾತ ಅರಿಯುವ ಸೆನ್ಸರ್‌ಗಳು. ಹಳೇ ಕಾರುಗಳ ಮೂತಿ ಕಿರಿದು, ಇಂದಿನ ಕಾರಿನ ತೊಲೆ ಅಗಲ. ಕಿಟ್ ಕೂರುತ್ತಿಲ್ಲ ಎಂದು ತೊಲೆಯ ತುದಿ ಕತ್ತರಿಸುವವರಿದ್ದಾರೆ. ಕತ್ತರಿಸಬೇಕಾದದ್ದು ಕಿಟ್. ಚಾರ್ಜಿಂಗ್ ಕಿಂಡಿ ಮೂತಿಯಲ್ಲಿದ್ದರೆ ಅದನ್ನೂ ಸರಿಸಬೇಡಿ, ಕಿತ್ತಳೆ ಕೇಬಲ್‌ಗೆ ಜೋಡು ಹಾಕಿ ಉದ್ದ ಮಾಡುವಂತಿಲ್ಲ. ಫಾಸ್ಟ್ ಚಾರ್ಜರ್‌ನ ದಪ್ಪ ಹಿಡಿಕೆಯನ್ನು ಕಿಂಡಿಗೆ ಸಿಕ್ಕಿಸಿ ನೋಡಿದ ಮೇಲೇ ಮುಚ್ಚಳದ ತೂತಿನ ಅಳತೆ ನಿರ್ಧರಿಸಿ. ಕೆಳಗೊಂದು ನೀರು ಇಳಿಯುವ ರಂಧ್ರ ಇರಲಿ.

ಸಂದು ಹೊಂದಿಸುವುದು

ಕಾರು ಜಾಕ್ ಮೇಲಲ್ಲ, ಸಮತಟ್ಟು ನೆಲದಲ್ಲಿ ತನ್ನ ಚಕ್ರದ ಮೇಲೇ ನಿಂತಿರಬೇಕು. ಎತ್ತಿದಾಗ ಮೈ ತುಸು ಬಾಗುತ್ತದೆ, ಆಗ ಕೂರಿಸಿದ ಸಂದು ಇಳಿಸಿದ ಮೇಲೆ ಇರುವುದಿಲ್ಲ. ಬಾಗಿಲನ್ನು ಆಧಾರ ಮಾಡಿಕೊಂಡು ಮೊದಲು ಫೆಂಡರ್, ಆಮೇಲೆ ಬಾನೆಟ್, ಕೊನೆಗೆ ಮೂತಿ. ಮೂತಿಯಿಂದ ಶುರು ಮಾಡಿದರೆ ತಪ್ಪೆಲ್ಲ ಬಾಗಿಲ ಅಂಚಿಗೆ ಬಂದು ನಿಲ್ಲುತ್ತದೆ. 5 ಮಿ.ಮೀ. ಪ್ಲಾಸ್ಟಿಕ್ ಬಿಲ್ಲೆಗಳನ್ನು ಸಂದಿಯಲ್ಲಿ ಸಿಕ್ಕಿಸಿ, ಎಲ್ಲ ಬೋಲ್ಟ್ ಸಡಿಲವಾಗಿಟ್ಟು, ಸರಿಹೋದ ಮೇಲೆ ಬಿಗಿ ಮಾಡಿ.

ಬಿಸಿಲಿಗೆ ಫೈಬರ್ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಉಷ್ಣಾಂಶ 50 ಡಿಗ್ರಿ ಏರಿಳಿದರೆ 1.2 ಮೀಟರ್ ಉದ್ದದ ಫೆಂಡರ್‌ನಲ್ಲಿ ವ್ಯತ್ಯಾಸ ಹತ್ತಿರ ಹತ್ತಿರ 1 ಮಿ.ಮೀ. ಹಾಗಾಗಿ ಒಂದು ಬೋಲ್ಟ್ ಮಾತ್ರ ಕಚ್ಚಿ ಹಿಡಿಯಲಿ, ಉಳಿದ 6 ಮಿ.ಮೀ. ಬೋಲ್ಟ್‌ಗಳಿಗೆ 9 ಮಿ.ಮೀ. ತೂತು, ಅಗಲ ವಾಷರ್, ನಡುವೆ ರಬ್ಬರ್. ಬಿಗಿ ತೂತು ಕೊರೆದವರ ಫೆಂಡರ್ ಮೊದಲ ಬೇಸಿಗೆಗೇ ಬೋಲ್ಟ್ ಸುತ್ತ ಬಿರಿಯುತ್ತದೆ. ಅಂಟಿಸುವ ಹೊದಿಕೆಗೆ ಪಾಲಿಯುರೆಥೇನ್ ಅಂಟು, 2ರಿಂದ 3 ಮಿ.ಮೀ. ದಪ್ಪ, ತೆಳುವಾಗಿ ಒತ್ತಿಬಿಟ್ಟರೆ ಹಿಗ್ಗಲು ಎಡೆಯೇ ಉಳಿಯುವುದಿಲ್ಲ.

ಬಣ್ಣದ ಕೆಲಸ ಮಾಮೂಲಿನಂತೆ. ಒಂದೇ ಎಚ್ಚರ: ಪ್ಯಾನೆಲ್‌ಗಳನ್ನು ಬಿಚ್ಚಿ ಪ್ರತ್ಯೇಕವಾಗಿ ಓವನ್‌ಗೆ ಕಳಿಸಿ. ಇಡೀ ಕಾರನ್ನು ಒಳಗೆ ತಳ್ಳಿದರೆ ಬ್ಯಾಟರಿ ಬೇಯುತ್ತದೆ.

ಕೊನೆಯ ತಪಾಸಣೆ

ರೇಡಾರ್, ಕ್ಯಾಮೆರಾಗಳನ್ನು ಹೊಸದಾಗಿ ಕ್ಯಾಲಿಬ್ರೇಟ್ ಮಾಡಿಸಿ, ಹೆಡ್‌ಲೈಟ್ ಕಿರಣದ ಎತ್ತರ ಹೊಂದಿಸಿ. ಎಲ್‌ಇಡಿ ದೀಪ ಹಾಕಿದಾಗ ಬರುವ ‘ಬಲ್ಬ್ ಹೋಗಿದೆ’ ಎಚ್ಚರಿಕೆ ಅಡಗಿಸಲು ರೆಸಿಸ್ಟರ್ ಕೂರಿಸುವುದುಂಟು. ಅದು ಸುಡುವಷ್ಟು ಬಿಸಿಯಾಗುತ್ತದೆ, ಫೈಬರ್‌ಗಲ್ಲ, ಲೋಹಕ್ಕೆ ಕಚ್ಚಿಸಿ.

ಮೈಲೇಜ್ ಇಳಿಯುತ್ತದೆ, ಇದಕ್ಕೆ ಮದ್ದಿಲ್ಲ. ಗಾಳಿ ತಡೆಯ ಅಂಕ 0.28 ಇದ್ದದ್ದು ಚಪ್ಪಟೆ ಮೂತಿಯಿಂದ 0.38 ಆಯಿತು ಎನ್ನೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಪ್ರತಿ 100 ಕಿ.ಮೀ.ಗೆ ಸುಮಾರು 3 ಯೂನಿಟ್ ಹೆಚ್ಚು ಖರ್ಚು. ಊರೊಳಗಿನ ನಿಧಾನ ಓಡಾಟದಲ್ಲಿ ಅದು ಗೊತ್ತೇ ಆಗುವುದಿಲ್ಲ.

ಬ್ಯಾಟರಿ ಶೇ 20ಕ್ಕೆ ಇಳಿದಾಗ ಬಿಸಿಲು ಹೊತ್ತಿನಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಿ, ಎಷ್ಟು ಕಿಲೋವಾಟ್ ಬರುತ್ತಿದೆ ಎಂದು ಐದೈದು ನಿಮಿಷಕ್ಕೆ ಬರೆದುಕೊಳ್ಳಿ. ವೇಷ ಹಾಕುವ ಮೊದಲೂ ಇದೇ ಪಟ್ಟಿ ಮಾಡಿಟ್ಟುಕೊಂಡಿರಬೇಕು. ಎರಡರ ನಡುವೆ ದೊಡ್ಡ ಅಂತರ ಕಂಡರೆ ಗ್ರಿಲ್ ಕತ್ತರಿಸಲು ಹೋಗಬೇಡಿ. ಮೊದಲು ರೇಡಿಯೇಟರ್ ಅಂಚಿನ ಸ್ಪಂಜಿನ ಪಟ್ಟಿ ಎಲ್ಲಿ ಬಿಟ್ಟುಕೊಂಡಿದೆ ನೋಡಿ.