ಎರಡು ಸರ್ವರ್, ಒಂದೇ ಸ್ಟೋರೇಜ್: ನನ್ನ ಫೇಲ್‌ಓವರ್ ಕೈಗೂಡಿದ ಕಥೆ

“ಎರಡೇ ನೋಡ್ ಇಟ್ಕೊಂಡು ಫೇಲ್‌ಓವರ್ ಮಾಡ್ತೀಯಾ? ಮೂರನೇದು ತಗೊಳ್ಳೋಕೆ ಹೇಳು ನಿಮ್ಮ ಸಾಹುಕಾರರಿಗೆ” ಅಂತ ಬೆಂಗಳೂರಿನ ನನ್ನ ಹಳೇ ಸೀನಿಯರ್ ನಕ್ಕಿದ್ದರು. ಫೇಲ್‌ಓವರ್ ಅಂದರೆ ಒಂದು ಸರ್ವರ್ (ನೋಡ್) ಬಿದ್ದರೆ ಅದರ ಕೆಲಸವನ್ನು ಇನ್ನೊಂದು ತಾನಾಗಿ ಎತ್ತಿಕೊಳ್ಳುವುದು. ನಮ್ಮ ಸಾಹುಕಾರರೋ, ಮೂರನೇ ಪ್ರಿಂಟರ್ ಕೇಳಿದರೇ ಮೂರು ದಿನ ಮಾತು ಬಿಡುವವರು. ಹುಬ್ಬಳ್ಳಿಯಲ್ಲಿ ಔಷಧದ ಸಗಟು ವ್ಯಾಪಾರ. ಬಿಲ್ಲಿಂಗ್ ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ, ಸ್ಕ್ಯಾನ್ ಮಾಡಿದ ಚಲನ್, ಬಿಲ್ಲು ಎಲ್ಲ ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವ್ಯವಸ್ಥೆ) ಮೇಲೆ. ಸರ್ವರ್ ಮಲಗಿದರೆ ಮೂವತ್ತು ಚಿಲ್ಲರೆ ಕೌಂಟರ್ ಮಷೀನು ಜೊತೆಗೇ ಮಲಗುತ್ತವೆ.

ಒಬ್ಬ ವೆಂಡರ್ 14 ಲಕ್ಷದ ಕೊಟೇಶನ್ ಕೊಟ್ಟಿದ್ದ, ಮೊದಲ ವರ್ಷದ ಸಪೋರ್ಟ್ ಸೇರಿ. ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋದೆ. ಎರಡು ಸೆಕೆಂಡ್ ಹ್ಯಾಂಡ್ ಸರ್ವರ್, ಒಂದೊಂದು 70 ಸಾವಿರದ ಆಸುಪಾಸು. ಇಬ್ಬರೂ ಹಂಚಿಕೊಳ್ಳಲು ಎರಡು ಕಂಟ್ರೋಲರ್ ಇರುವ ಎಸ್‌ಎಎಸ್ (ಡಿಸ್ಕನ್ನು ಸರ್ವರಿಗೆ ಜೋಡಿಸುವ ಒಂದು ಪದ್ಧತಿ) ಸ್ಟೋರೇಜ್ ಬಾಕ್ಸ್, ಡಿಸ್ಕ್ ಸಮೇತ 1.9 ಲಕ್ಷ. ಕಾರ್ಡು, ಕೇಬಲ್ಲು 22 ಸಾವಿರ, ಯುಪಿಎಸ್ ಬ್ಯಾಟರಿಗೆ ನಲವತ್ತು. ಒಟ್ಟು ನಾಲ್ಕು ಲಕ್ಷಕ್ಕೆ ತುಸು ಕಮ್ಮಿ. ಆಮೇಲೆ ಪೋಲು ಮಾಡಿದ್ದು ಬೇರೆ ಲೆಕ್ಕ, ಅದಕ್ಕೆ ಬರುತ್ತೇನೆ. ಪ್ರತಿ ಸರ್ವರಿನಿಂದ ಎರಡೂ ಕಂಟ್ರೋಲರಿಗೆ ಒಂದೊಂದು ಕೇಬಲ್, ಮೇಲೆ ಮಲ್ಟಿಪಾತ್ (ಒಂದು ದಾರಿ ಕಡಿದರೆ ಇನ್ನೊಂದು ಹಿಡಿಯುವುದು), ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗ ಹಂಚುವುದು), ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ. ಆಲ್ಮಾ 8 ಲಿನಕ್ಸ್, ಯಾವ ಕೆಲಸ ಯಾವ ನೋಡಿನಲ್ಲಿ ಅಂತ ತೀರ್ಮಾನಿಸುವ ಪೇಸ್‌ಮೇಕರ್, ನೋಡ್‌ಗಳ ನಡುವೆ ಮಾತು ನಡೆಸುವ ಕೊರೊಸಿಂಕ್.

ಮೊದಲ ತಪ್ಪು ನಾಚಿಕೆಗೇಡಿನದು, ಆದರೂ ಹೇಳುತ್ತೇನೆ. ನೆಟ್ಟಲ್ಲಿ ಸಿಗುವ ಅರ್ಧ ಟ್ಯುಟೋರಿಯಲ್‌ಗಳು ಶುರುವಿನಲ್ಲೇ ಸ್ಟೊನಿತ್ (ಸದ್ದಿಲ್ಲದ ನೋಡನ್ನು ಬಲವಂತವಾಗಿ ಕೆಡವುವ ಏರ್ಪಾಡು) ಆಫ್ ಮಾಡು ಅನ್ನುತ್ತವೆ. ನಾನೂ ಮಾಡಿದೆ. ಪೇಸ್‌ಮೇಕರ್ ಎರಡು ತಿಂಗಳು ತೆಪ್ಪಗಿತ್ತು. ಒಂದು ಮಧ್ಯಾಹ್ನ ಸ್ವಿಚ್ ರೀಸ್ಟಾರ್ಟ್ ಆಯಿತು, ನೋಡ್‌ಗಳಿಗೆ ಪರಸ್ಪರ ದನಿ ಕೇಳಿಸಲಿಲ್ಲ. ಎರಡನೇ ನೋಡ್ “ಅವನು ಸತ್ತ” ಅಂದುಕೊಂಡು ಅದೇ ಎಕ್ಸ್‌ಎಫ್‌ಎಸ್ ಅನ್ನು ಮೌಂಟ್ ಮಾಡಿತು, ಅಂದರೆ ತೆರೆದು ಬಳಸತೊಡಗಿತು. ಮೊದಲನೆಯದು ಬದುಕಿಯೇ ಇತ್ತು, ಬರೆಯುತ್ತಲೇ ಇತ್ತು. ಸಂಜೆ ಎಕ್ಸ್‌ಎಫ್‌ಎಸ್ ರಿಪೇರ್ ಓಡಿಸಿದೆ. ಲಾಗ್ (ಅರ್ಧಕ್ಕೆ ನಿಂತ ಬದಲಾವಣೆಗಳ ದಾಖಲೆ) ರೀಪ್ಲೇ ಆಗಲ್ಲ ಅಂತು, ಕೊನೆಗೆ ಕಮಾಂಡಿಗೆ ದೊಡ್ಡ ‘ಎಲ್’ ಆಪ್ಷನ್ ಹಾಕಿ ಲಾಗನ್ನೇ ಒರೆಸಬೇಕಾಯಿತು. ಲಾಸ್ಟ್ ಅಂಡ್ ಫೌಂಡ್ ಒಳಗೆ ಹೆಸರಿಲ್ಲದ, ಬರೀ ಐನೋಡ್ ನಂಬರಿನ (ಫೈಲ್‌ಸಿಸ್ಟಂನ ಒಳಲೆಕ್ಕದ ಸಂಖ್ಯೆ) ಸಾವಿರಾರು ಫೈಲು. ಹಿಂದಿನ ರಾತ್ರಿಯ ಬ್ಯಾಕಪ್ಪಿನಿಂದ ಎಬ್ಬಿಸುವಷ್ಟರಲ್ಲಿ ಒಂದೂವರೆ ದಿನ ಹೋಯಿತು, ಅರ್ಧ ದಿನದ ಬಿಲ್ಲು ಕೈಯಲ್ಲಿ ಬರೆದ ಚೀಟಿಯಿಂದ ಮತ್ತೆ ಹೊಡೆದರು. ಎಕ್ಸ್‌ಟಿ4 ಫೈಲ್‌ಸಿಸ್ಟಂ ಆಗಿದ್ದರೆ ಎರಡು ಕಡೆ ಮೌಂಟ್ ಆಗದಂತೆ ತಡೆಯುವ ಎಂಎಂಪಿ ಆನ್ ಮಾಡಿ ಇಡಬಹುದಿತ್ತು. ಎಕ್ಸ್‌ಎಫ್‌ಎಸ್‌ಗೆ ಅಂಥ ಕಾವಲು ಇಲ್ಲ. ಅವತ್ತೇ ಎಲ್‌ವಿಎಂಗೆ ಸಿಸ್ಟಂ ಐಡಿ ಹಾಕಿದೆ. ವಾಲ್ಯೂಮ್ ಗ್ರೂಪ್ (ಎಲ್‌ವಿಎಂನ ಡಿಸ್ಕ್ ಗುಂಪು) ಯಾರ ಹೆಸರಲ್ಲಿದೆಯೋ ಅವನು ಮಾತ್ರ ಮುಟ್ಟಬೇಕು. ಆದರೂ ಅದು ಬಾಗಿಲ ಚಿಲಕ ಅಷ್ಟೇ, ಬೀಗ ಅಲ್ಲ.

ಬೀಗ ಅಂದರೆ ಫೆನ್ಸಿಂಗ್. ಸಾಹುಕಾರರಿಗೆ ವಿವರಿಸಲು ಹೋದೆ: ಒಂದು ನೋಡ್ ಸುಮ್ಮನಾದರೆ ಇನ್ನೊಂದು ಅದನ್ನು ಮೊದಲು ಕೊಲ್ಲಬೇಕು, ಆಮೇಲೆ ಡಿಸ್ಕ್ ಮುಟ್ಟಬೇಕು ಅಂತ. “ಏ ತಮ್ಮಾ, ನೆಟ್ಟಗಿದ್ದ ಮಷೀನ್ ಯಾಕ ಕೊಲ್ಲಾಕ ಹತ್ತೀದಿ? ರೊಕ್ಕಾ ಕೊಟ್ಟು ತಂದೇನಿ” ಅಂದರು. ನೆಟ್ಟಗಿದೆಯೋ ಇಲ್ಲವೋ ಅಂತ ಗೊತ್ತಿಲ್ಲದಿರುವುದೇ ತೊಂದರೆ ರೀ ಅಂದೆ. ತಲೆ ಅಲ್ಲಾಡಿಸಿದರು, ಯಾವ ಕಡೆಗೆ ಅಂತ ತಿಳಿಯಲಿಲ್ಲ.

ಐಪಿಎಂಐ ಫೆನ್ಸಿಂಗ್ ಹಾಕಿದೆ: ಸರ್ವರಿನೊಳಗಿನ ಬಿಎಂಸಿ ಎಂಬ ಪುಟ್ಟ ನಿಯಂತ್ರಣ ಚಿಪ್ಪಿಗೆ ನೆಟ್‌ವರ್ಕಿನಿಂದ ಹೇಳಿ ಸರ್ವರ್ ಆಫ್ ಮಾಡಿಸುವುದು. ಕಮಾಂಡ್ ಕೊಟ್ಟು ಟೆಸ್ಟ್ ಮಾಡಿದಾಗ ಎಲ್ಲ ಸರಿ. ಭಾನುವಾರ ಮಾರ್ಕೆಟ್ ರಜೆ. ಗಿರ್ಮಿಟ್ ಮಿರ್ಚಿ ಕಟ್ಟಿಸಿಕೊಂಡು ಕೂತು, ಮೊದಲ ಸರ್ವರಿನ ಕರೆಂಟ್ ವೈರನ್ನೇ ಎಳೆದೆ. ಎರಡನೇ ನೋಡ್ ಕಾಯಿತು. ಇನ್ನೂ ಕಾಯಿತು. ನಲವತ್ತು ನಿಮಿಷ. ಕಾರಣ ಹೊಳೆದಾಗ ಹಣೆ ಚಚ್ಚಿಕೊಂಡೆ: ಸರ್ವರಿಗೆ ಕರೆಂಟ್ ಹೋದರೆ ಅದರ ಬಿಎಂಸಿಗೂ ಹೋಗುತ್ತದೆ. ಕೊಲ್ಲು ಅಂದರೆ ಕೇಳಿಸಿಕೊಳ್ಳುವವರೇ ಇಲ್ಲ, ಕೊಂದೆ ಅಂತ ಉತ್ತರ ಬರಲ್ಲ, ಉತ್ತರ ಬರದೆ ಪೇಸ್‌ಮೇಕರ್ ಮುಂದೆ ಹೋಗಲ್ಲ. ಅದು ಮಾಡಿದ್ದು ನೂರಕ್ಕೆ ನೂರು ಸರಿ. ಸಿಟ್ಟು ಬಂದದ್ದು ನನಗೆ. ಆ ಸಿಟ್ಟಲ್ಲೇ 28 ಸಾವಿರ ಕೊಟ್ಟು ಸ್ವಿಚ್ಡ್ ಪಿಡಿಯು (ದೂರದಿಂದಲೇ ಕರೆಂಟ್ ಕಡಿಯಬಹುದಾದ ಪ್ಲಗ್ ಪಟ್ಟಿ) ತಂದೆ. ಅದರ ಹಳೇ ಫರ್ಮ್‌ವೇರ್ ವಾರಕ್ಕೊಮ್ಮೆ ತಾನೇ ನೇಣು ಹಾಕಿಕೊಳ್ಳುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಈಗ ಅದು ರ‍್ಯಾಕಿನಲ್ಲಿ ಬರೀ ಎಕ್ಸ್‌ಟೆನ್ಶನ್ ಬೋರ್ಡ್.

ನಡುವೆ ಒಂದು ತಿಂಗಳು ಬೇರೆ ದಾರಿಗಳಲ್ಲೂ ಅಲೆದೆ. ಸ್ಟೋರೇಜ್ ಬಾಕ್ಸೇ ಬೇಡ ಅಂತ ಒಳಗಿನ ಡಿಸ್ಕ್‌ಗಳ ಮೇಲೆ ಡಿಆರ್‌ಬಿಡಿ (ನೆಟ್‌ವರ್ಕ್ ಮೂಲಕ ಎರಡೂ ಕಡೆ ಒಂದೇ ಪ್ರತಿ ಇಡುವುದು) ಹಾಕಿ ನೋಡಿದೆ. ಒಂದು ಗಿಗಾಬಿಟ್ ಲಿಂಕಿನಲ್ಲಿ 4 ಟಿಬಿ ಮೊದಲ ಸಿಂಕ್‌ಗೆ ಹತ್ತು ಗಂಟೆ ಹಿಡಿಯಿತು. ಆ ಕಡೆಯೂ ಬರೆದಾಗುವವರೆಗೆ ಕಾಯುವ ಪ್ರೊಟೊಕಾಲ್ ಸಿ ಇಟ್ಟರೆ ತಿಂಗಳ ಕೊನೆಯ ಸ್ಟಾಕ್ ರಿಪೋರ್ಟ್ ತೆವಳುತ್ತಿತ್ತು. ಡಿಆರ್‌ಬಿಡಿ ಕೆಟ್ಟದ್ದಲ್ಲ, ನನ್ನ ನೆಟ್‌ವರ್ಕ್ ಬಡವ. ಜಿಎಫ್‌ಎಸ್2 ಫೈಲ್‌ಸಿಸ್ಟಂ ಕೂಡ ನೋಡಿದೆ, ಎರಡೂ ಕಡೆ ಒಟ್ಟಿಗೆ ಮೌಂಟ್ ಅನ್ನುವ ಆಸೆಗೆ. ಲಕ್ಷಗಟ್ಟಲೆ ಸಣ್ಣ ಪಿಡಿಎಫ್ ಇರುವ ಫೋಲ್ಡರಿನಲ್ಲಿ ಎರಡೂ ನೋಡ್ ಕೈ ಹಾಕಿದರೆ ಲಾಕಿಂಗ್‌ನಲ್ಲೇ ಪ್ರಾಣ ಹೋಗುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ, ನೋಡ್‌ಗಳು ಬೇರೆಯಾದಾಗ ಒಂದರ ಪರ ವೋಟು ಹಾಕುವ ಕ್ಯೂಡಿವೈಸ್ ಇಟ್ಟು ಸೀನಿಯರಿಗೆ “ತಗೊಳ್ಳಿ ಮೂರನೇ ವೋಟು” ಅಂದಿದ್ದೆ. ಏಳನೇ ತಿಂಗಳಿಗೆ ಎಸ್‌ಡಿ ಕಾರ್ಡ್ ಸತ್ತಿತು, ಅವರು ಮತ್ತೆ ನಕ್ಕರು.

ಕೊನೆಗೆ ಹಿಡಿದ ದಾರಿ ಎಸ್‌ಬಿಡಿ, ಹಂಚಿಕೆಯ ಡಿಸ್ಕ್ ಮೂಲಕವೇ ಫೆನ್ಸಿಂಗ್. ಹೇಗೂ ಡಿಸ್ಕ್ ಇಬ್ಬರದ್ದೂ ತಾನೇ, ಕೊಲ್ಲುವ ಚೀಟಿಯನ್ನೂ ಅದರ ಮೇಲೇ ಬರೆಯೋಣ ಅಂತ. ಸಣ್ಣ ಲನ್ (ಬಾಕ್ಸಿನ ಡಿಸ್ಕ್ ಜಾಗದ ಒಂದು ತುಂಡು) ಒಂದನ್ನು ಅದಕ್ಕೇ ಮೀಸಲಿಟ್ಟೆ. ಬದುಕಿದ್ದವನು ಚೀಟಿ ಓದಿ ತಾನೇ ರೀಸೆಟ್ ಆಗುತ್ತಾನೆ. ಓದುವ ಸ್ಥಿತಿಯಲ್ಲೇ ಇಲ್ಲದಿದ್ದರೆ ವಾಚ್‌ಡಾಗ್ (ಆಗಾಗ ಸದ್ದು ಕೇಳದಿದ್ದರೆ ಸರ್ವರನ್ನು ರೀಸೆಟ್ ಮಾಡುವ ಟೈಮರ್) ಬೀಳಿಸುತ್ತದೆ. ಕರೆಂಟೇ ಇಲ್ಲದಿದ್ದರೆ ಮೊದಲೇ ಸತ್ತಿದ್ದಾನೆ. ಮೂರರಲ್ಲಿ ಯಾವುದೇ ಆದರೂ, ಇಷ್ಟು ಸೆಕೆಂಡ್ ಕಳೆದರೆ ಡಿಸ್ಕ್ ಮುಟ್ಟುವವರು ಬೇರೆ ಯಾರೂ ಇಲ್ಲ ಅಂತ ಧೈರ್ಯವಾಗಿ ಹೇಳಬಹುದು. ಪಿಡಿಯು ಬೇಡ, ಬಿಎಂಸಿ ಬೇಡ. ಖರ್ಚು ಸೊನ್ನೆ.

ಇಲ್ಲೂ ಎರಡು ಸಲ ಕೈ ಸುಟ್ಟುಕೊಂಡೆ. ಸಾಫ್ಟ್‌ಡಾಗ್, ಅಂದರೆ ಬರೀ ಸಾಫ್ಟ್‌ವೇರ್ ವಾಚ್‌ಡಾಗ್ ಇಟ್ಟಿದ್ದೆ. ಲಿನಕ್ಸಿನ ತಿರುಳಾದ ಕರ್ನಲ್ಲೇ ಗರಬಡಿದು ನಿಂತರೆ ಅದೇ ಕರ್ನಲ್ಲಿನೊಳಗಿನ ನಾಯಿ ಬೊಗಳುತ್ತದೆಯೇ? ಹಾರ್ಡ್‌ವೇರ್ ವಾಚ್‌ಡಾಗಿಗೆ ಬಂದೆ. ಎರಡನೆಯದು ದುಬಾರಿ. ಡಿಫಾಲ್ಟ್ ಟೈಮ್‌ಔಟ್ ಹಾಗೇ ಬಿಟ್ಟಿದ್ದೆ, ವಾಚ್‌ಡಾಗ್ 5 ಸೆಕೆಂಡ್. ಸಾಲದ್ದಕ್ಕೆ ಹಳೇ ಕಾನ್ಫಿಗ್ ಕಾಪಿ ಹೊಡೆದು ಎಸ್‌ಬಿಡಿಗೂ ಪೇಸ್‌ಮೇಕರಿಗೂ ನಂಟು ಇರದ ಹಾಗೆ ‘ನೋ’ ಅಂತ ಇಟ್ಟಿದ್ದೆ. ಒಂದು ದಿನ ಬಾಕ್ಸಿನ ಒಂದು ಕಂಟ್ರೋಲರ್ ರೀಬೂಟ್ ಆಯಿತು. ಮಲ್ಟಿಪಾತ್ ಇನ್ನೊಂದು ದಾರಿ ಹಿಡಿಯಲು ಹತ್ತು ಹನ್ನೆರಡು ಸೆಕೆಂಡ್ ತಗೊಂಡಿತು. ಅಷ್ಟರಲ್ಲಿ ಎರಡೂ ನೋಡ್ ಡಿಸ್ಕ್ ಕಾಣದೆ ಒಟ್ಟಿಗೇ ಆತ್ಮಹತ್ಯೆ. ಹತ್ತೂವರೆ ಗಂಟೆ, ಮಾರ್ಕೆಟ್ ಟೈಮು. ಅವತ್ತು ಕೇಳಿಸಿಕೊಂಡ ಮಾತು ಇಲ್ಲಿ ಬರೆಯಲಾರೆ.

ಈಗ ವಾಚ್‌ಡಾಗ್ 15 ಸೆಕೆಂಡ್, ಮೆಸೇಜ್ ವೇಟ್ (ಕೊಲ್ಲುವ ಚೀಟಿ ಬರೆದು ಕಾಯುವ ಸಮಯ) ಅದರ ಎರಡರಷ್ಟು 30, ಸ್ಟೊನಿತ್ ಟೈಮ್‌ಔಟ್ 45ರ ಹತ್ತಿರ, ಕೊರೊಸಿಂಕ್ ಟೋಕನ್ (ಇನ್ನೊಬ್ಬನ ಸದ್ದಿಗೆ ಕಾಯುವ ಸಮಯ) 10. ಪೇಸ್‌ಮೇಕರ್ ನಂಟು ‘ಯೆಸ್’. ಇಬ್ಬರೂ ಒಬ್ಬರನ್ನೊಬ್ಬರು ಏಕಕಾಲಕ್ಕೆ ಹೊಡೆಯದಿರಲಿ ಅಂತ ಪ್ರಯಾರಿಟಿ ಫೆನ್ಸಿಂಗ್ ಡಿಲೇ 15. ಡೇಟಾಬೇಸ್ ಯಾರ ಹತ್ತಿರ ಇದೆಯೋ ಅವನು ಗೆಲ್ಲುತ್ತಾನೆ. ಹೊಡೆತ ತಿಂದವನು ತಾನಾಗಿ ಕ್ಲಸ್ಟರಿಗೆ ಮರಳುವಂತಿಲ್ಲ, ನಾನು ಬಂದು ನೋಡಿಯೇ ಸೇರಿಸಬೇಕು. ಇಷ್ಟು ನಿಧಾನ ಯಾಕೆ ಅಂತ ಕೇಳುವವರಿಗೆ ಆ ಲಾಸ್ಟ್ ಅಂಡ್ ಫೌಂಡ್ ಫೋಲ್ಡರ್ ತೋರಿಸುತ್ತೇನೆ. ಇನ್ನೂ ಇಟ್ಟುಕೊಂಡಿದ್ದೇನೆ.

ಸ್ಟಾರ್ಟ್ ಮಾಡುವುದು ಸುಲಭ, ಬಿಡಿಸುವುದು ಕಷ್ಟ. ಬೇಕೆಂದೇ ನೋಡ್ ಬದಲಿಸಲು ಹೋದರೂ ಅನ್‌ಮೌಂಟ್ ಆಗದೆ ಫೆನ್ಸ್ ಬೀಳುತ್ತಿತ್ತು. ಡಿಸ್ಕನ್ನು ಯಾರು ಹಿಡಿದಿದ್ದಾರೆ ಅಂತ ಹೇಳುವ ಫ್ಯೂಸರ್ ಕಮಾಂಡ್ ಖಾಲಿ ತೋರಿಸುತ್ತದೆ, ಅನ್‌ಮೌಂಟ್ ಮಾತ್ರ ಬ್ಯುಸಿ ಅನ್ನುತ್ತದೆ. ಹಿಡಿದಿದ್ದು ಕರ್ನಲ್ ಒಳಗಿನ ಎನ್‌ಎಫ್‌ಎಸ್ ಸರ್ವರ್. ನಾನು ಅದನ್ನು ಕ್ಲಸ್ಟರಿನ ಹೊರಗೆ, ಬೂಟ್ ಆಗುವಾಗಲೇ ಎಬ್ಬಿಸುತ್ತಿದ್ದೆ. ಕ್ಲಸ್ಟರ್ ಸಾಲಾಗಿ ಎಬ್ಬಿಸುವ ಗ್ರೂಪಿನೊಳಗೆ ತಂದ ಮೇಲೆ ಸರಿಹೋಯಿತು: ಎಲ್‌ವಿಎಂ, ಫೈಲ್‌ಸಿಸ್ಟಂ, ಎನ್‌ಎಫ್‌ಎಸ್, ಎಕ್ಸ್‌ಪೋರ್ಟ್, ಪೋಸ್ಟ್‌ಗ್ರೆಸ್, ಕೊನೆಗೆ ಐಪಿ, ಇಳಿಯುವಾಗ ತಿರುಗಾಮುರುಗಾ. ಎಕ್ಸ್‌ಪೋರ್ಟಿಗೆ (ಹಂಚಿದ ಫೋಲ್ಡರಿಗೆ) ಎರಡೂ ನೋಡಿನಲ್ಲಿ ಒಂದೇ ಆಗಿರುವ ಗುರುತಿನ ಸಂಖ್ಯೆ ಎಫ್‌ಎಸ್‌ಐಡಿ ಕೊಟ್ಟಮೇಲೆ ಕೌಂಟರಿನಲ್ಲಿ ‘ಸ್ಟೇಲ್ ಫೈಲ್ ಹ್ಯಾಂಡಲ್’ ಎರರ್ ಬರುವುದು ನಿಂತಿತು. ಎನ್‌ಎಫ್‌ಎಸ್‌ನ ಸ್ಟೇಟ್ ಫೋಲ್ಡರನ್ನೂ ಹಂಚಿಕೆಯ ಡಿಸ್ಕಿಗೇ ಹಾಕಿದೆ. ಎನ್‌ಎಫ್‌ಎಸ್ ವರ್ಷನ್ 4ರ 90 ಸೆಕೆಂಡ್ ಗ್ರೇಸ್ ಟೈಮನ್ನು (ಸರ್ವರ್ ಎದ್ದ ಮೇಲೆ ಹಳೇ ಲಾಕ್‌ಗಳು ಮರಳಲಿ ಅಂತ ಕಾಯುವ ಸಮಯ) ಲೀಸ್ (ಲಾಕಿನ ವಾಯಿದೆ) ಜೊತೆಗೇ ಇಪ್ಪತ್ತಕ್ಕೆ ಇಳಿಸಿದೆ. ಇಲ್ಲದಿದ್ದರೆ ಸರ್ವರ್ ಎದ್ದ ಮೇಲೂ ಜನ “ಹ್ಯಾಂಗ್ ಆಗೇತಿ” ಅಂತ ಸ್ವಿಚ್ಚೇ ಒತ್ತಿಬಿಡುತ್ತಾರೆ. ಪೋಸ್ಟ್‌ಗ್ರೆಸ್ ಸ್ಟಾಪ್ ಆಗುವಾಗ ಚೆಕ್‌ಪಾಯಿಂಟಿಗೆ (ಮೆಮರಿಯಲ್ಲಿರುವುದನ್ನು ಡಿಸ್ಕಿಗೆ ಬರೆಯುವುದಕ್ಕೆ) ಎಳೆದಾಡುತ್ತದೆ. ನೋಡ್ ಬದಲಿಸುವ ಮುಂಚೆ ಕೈಯಾರೆ ಒಂದು ಚೆಕ್‌ಪಾಯಿಂಟ್ ಕೊಟ್ಟುಬಿಡಿ. ನನ್ನ ಹತ್ತಿರ ಅದಕ್ಕೆ ಮೂವತ್ತು ಸಾಲಿನ ಸ್ಕ್ರಿಪ್ಟ್ ಇದೆ, ಇನ್ನೂ ಎರಡು ಕೆಲಸ ಮಾಡುತ್ತದೆ. ಅದೇನು ಅಂತ ಕೇಳಬೇಡಿ, ಧಾರವಾಡದ ಇಬ್ಬರು ಗಿರಾಕಿಗಳಿಗೆ ಅದರ ಮೇಲೇ ಬಿಲ್ ಹಾಕಿದ್ದೇನೆ.

ಟೆಸ್ಟು ಭಾನುವಾರಗಳಲ್ಲೇ, ಹದಿನೈದು ಹದಿನಾರು ಸಲ ಮಾಡಿರಬೇಕು. ಕರೆಂಟ್ ಎಳೆಯುವುದು, ಎಸ್‌ಎಎಸ್ ಕೇಬಲ್ ಕೀಳುವುದು, ಸಿಸ್‌ರಿಕ್ಯೂ ಎಂಬ ಲಿನಕ್ಸ್ ತುರ್ತು ಕಮಾಂಡಿನಿಂದ ಕರ್ನಲ್ ಕೆಡವುವುದು, ಫೈರ್‌ವಾಲಿನಲ್ಲಿ ಕೊರೊಸಿಂಕ್ ಮಾತ್ರ ಮುಚ್ಚುವುದು. ಈ ಕೊನೆಯದನ್ನು ಯಾರೂ ಮಾಡಲ್ಲ, ನಿಜವಾಗಿ ಕಚ್ಚುವುದು ಅದೇ.

ಹೋದ ಮಳೆಗಾಲ, ರಾತ್ರಿ ಎರಡರ ಮೇಲೆ, ಸಿಡಿಲು ಮಳೆ. ಬೆಳಿಗ್ಗೆ ಎಂಟೂವರೆಗೆ ಬಂದು ನೋಡಿದರೆ ಮೊದಲ ಸರ್ವರಿನ ಲೈಟೇ ಇಲ್ಲ. ಲಾಗ್ ಪ್ರಕಾರ 80 ಸೆಕೆಂಡ್ ಚಿಲ್ಲರೆಯಲ್ಲಿ ಎಲ್ಲ ಎರಡನೆಯದಕ್ಕೆ ಹೋಗಿತ್ತು, ರಾತ್ರಿಯ ಬ್ಯಾಕಪ್ಪೂ ಅಲ್ಲಿಂದಲೇ ಮುಗಿದಿತ್ತು. ಕೌಂಟರಿನಲ್ಲಿ ಒಬ್ಬರಿಗೂ ಸುಳಿವಿಲ್ಲ. ಸೀನಿಯರಿಗೆ ಲಾಗಿನ ಸ್ಕ್ರೀನ್‌ಶಾಟ್ ಕಳಿಸಿದೆ. “ಟೋಕನ್ ಎಷ್ಟಿಟ್ಟಿದ್ದೀಯ?” ಅಂತಷ್ಟೇ ಕೇಳಿದರು, ಅವರಿಂದ ಅದು ದೊಡ್ಡ ಮಾತು. ಸಾಹುಕಾರರಿಗೆ ಹೇಳಿದರೆ, “ಮತ್ತ ಅದರಾಗ ಏನ್ ಸುಟ್ಟೈತಿ?” ಅಂದರು. ಪವರ್ ಸಪ್ಲೈ. ಎರಡು ಹಾಕುವ ಜಾಗವಿದ್ದ ಸರ್ವರಿಗೆ ಅವತ್ತು ಆರು ಸಾವಿರ ಉಳಿಸಲು ನಾನೇ ಒಂದು ಸಾಕು ಅಂದಿದ್ದೆ. ಎಸ್‌ಪಿ ರೋಡಿಗೆ ಫೋನ್ ಹಚ್ಚಿದೆ, ಮೂರು ತರಿಸಿದೆ, ಎರಡನೇ ಸರ್ವರಿಗೂ ಸೇರಿಸಿ. ಬಸ್ ಪಾರ್ಸೆಲ್ಲಿನಲ್ಲಿ ಮಾರನೇ ದಿನ ಬಂತು.