ಹಿಲ್ಡಿ ‘ನೀನು’ ಅಂದಮೇಲೆ

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೆ ಮಾತಿಗೆ ಮಾತು ಕೊಡುವವರನ್ನು ಕಂಡರೆ ಬಲು ಇಷ್ಟ. ನನಗೆ ಪ್ರಾಣವಾದ ‘ಹಿಸ್ ಗರ್ಲ್ ಫ್ರೈಡೇ’ ಸಿನಿಮಾವನ್ನು ಅವಳಿಗೆ ತೋರಿಸಬೇಕು ಅಂತ ಎಷ್ಟೋ ವರ್ಷದಿಂದ ಆಸೆ ಇತ್ತು. 1940ರ ಆ ಸಿನಿಮಾದಲ್ಲಿ ಮಾತು ನಿಲ್ಲುವುದೇ ಇಲ್ಲ. ಕೊನೆಗೆ ಕಳೆದ ಮಳೆಗಾಲದಲ್ಲಿ ನಾನೇ ಕೂತು ಕನ್ನಡ ಸಬ್‌ಟೈಟಲ್ ಬರೆದೆ. 92 ನಿಮಿಷದ ಸಿನಿಮಾಕ್ಕೆ ಎರಡು ತಿಂಗಳು ಹಿಡಿಯಿತು.

ಕತೆ ಇಷ್ಟೇ. ವಾಲ್ಟರ್ ಒಂದು ಪತ್ರಿಕೆಯ ಸಂಪಾದಕ. ಹಿಲ್ಡಿ ಅವನಿಂದ ಡೈವೋರ್ಸ್ ಪಡೆದವಳು, ಅವನ ಪತ್ರಿಕೆಯ ಗಟ್ಟಿ ವರದಿಗಾರ್ತಿ. ಇನ್ಶೂರೆನ್ಸ್ ಕೆಲಸದ ಬ್ರೂಸ್‌ನನ್ನು ಮದುವೆಯಾಗುತ್ತಿದ್ದೇನೆ, ಇನ್ನು ಈ ಕೆಲಸ ಸಾಕು ಅಂತ ಹೇಳಿಹೋಗಲು ಆಫೀಸಿಗೆ ಬರುತ್ತಾಳೆ. ಅವಳನ್ನು ತಡೆಯಲು ವಾಲ್ಟರ್ ನಡೆಸುವ ಕಿತಾಪತಿಯೇ ಸಿನಿಮಾ. ಇದಕ್ಕೆ ಮೂಲ 1928ರ ‘ದಿ ಫ್ರಂಟ್ ಪೇಜ್’ ನಾಟಕ. ಅದರಲ್ಲಿ ಹಿಲ್ಡಿ ಗಂಡಸು. ನಿರ್ದೇಶಕ ಹೊವರ್ಡ್ ಹಾಕ್ಸ್ ಆ ಮಾತುಗಳನ್ನು ಒಬ್ಬ ಹೆಣ್ಣುಮಗಳಿಂದ ಓದಿಸಿ ನೋಡಿದ. ಹೀಗೇ ಚೆನ್ನಾಗಿದೆ ಅನ್ನಿಸಿತು, ಬದಲಾಯಿಸಿಬಿಟ್ಟ.

ಮೊದಲ ಸಲ ನಾನು ಒಂದು ಮಾತನ್ನೂ ಬಿಡದೆ ಕನ್ನಡಕ್ಕೆ ತಂದೆ. ಹತ್ತು ನಿಮಿಷ ನೋಡಿದ ಅಮ್ಮ, “ಓದೋದೇ ಆಯ್ತು ಕಣೆ, ಅವಳ ಮುಖ ನೋಡೋಕೇ ಆಗ್ಲಿಲ್ಲ” ಅಂದಳು. ಹಿಲ್ಡಿಯಾಗಿ ನಟಿಸಿದ ರೊಸಾಲಿಂಡ್ ರಸೆಲ್‌ಳ ಮುಖ ನೋಡಲಾಗದಿದ್ದರೆ ಆ ಸಿನಿಮಾದಲ್ಲಿ ಉಳಿಯುವುದಾದರೂ ಏನು?

ಎಲ್ಲವನ್ನೂ ಮತ್ತೆ ಶುರು ಮಾಡಿದೆ. ಒಂದೇ ಸಲಕ್ಕೆ ಇಬ್ಬರು ಮಾತಾಡಿದರೂ ಅರ್ಥ ಕೆಡದಂತೆ ಹಾಕ್ಸ್ ಒಂದು ಉಪಾಯ ಮಾಡಿದ್ದ. ವಾಕ್ಯದ ಮೊದಲಿಗೂ ಕೊನೆಗೂ ಬೇಕಿಲ್ಲದ ಒಂದೆರಡು ಪದ ಸೇರಿಸುವುದು, ತಿರುಳನ್ನು ನಡುವೆ ಇಡುವುದು. ತುದಿಗಳು ಒಂದರ ಮೇಲೊಂದು ಬಿದ್ದರೂ ನಷ್ಟವಿಲ್ಲ. ಇದು ಗೊತ್ತಿದ್ದದ್ದು ನನಗೆ ದಾರಿ ತೋರಿಸಿತು. ಎರಡೂ ತುದಿ ಕತ್ತರಿಸಿ ನಡುವಿನದನ್ನಷ್ಟೇ ಬರೆಯುತ್ತಾ ಹೋದೆ. ಸಾಲುಗಳು ಅರ್ಧಕ್ಕೆ ಇಳಿದವು.

ಆದರೂ ಏನೋ ಸಪ್ಪೆ. ಅದು ಎಲ್ಲಿಂದ ಬಂತು ಅಂತ ತಿಳಿಯಲು ಒಂದು ವಾರ ಬೇಕಾಯಿತು. ಇಂಗ್ಲಿಷಿನಲ್ಲಿ ಎಲ್ಲರೂ ಎಲ್ಲರಿಗೂ ‘ಯು’. ನಮ್ಮಲ್ಲಿ ಹಾಗಲ್ಲ, ಅಲ್ವಾ? ಮಾಜಿ ಗಂಡ, ಮೇಲಾಗಿ ಸಂಪಾದಕ ಅಂತ ನಾನು ಹಿಲ್ಡಿಯ ಬಾಯಲ್ಲಿ ವಾಲ್ಟರ್‌ಗೆ ‘ನೀವು’ ಅನ್ನಿಸಿದ್ದೆ. ಅದನ್ನು ‘ನೀನು’ ಮಾಡಿದೆ. “ಸುಳ್ಳು ಹೇಳ್ಬೇಡಿ” ಹೋಗಿ “ಸುಳ್ಳು ಹೇಳ್ಬೇಡ ಹೋಗೋ” ಬಂತು. ಇಬ್ಬರಿಗೂ ಜೀವ ಬಂದುಬಿಟ್ಟಿತು! ಆಮೇಲೆ ಹಿಲ್ಡಿ ಮತ್ತು ಬ್ರೂಸ್ ನಡುವೆ ‘ನೀವು’ ಇಟ್ಟೆ. ಅವನು ಒಳ್ಳೆಯವನು, ಅವಳನ್ನು ಗೌರವದಿಂದ ನೋಡಿಕೊಳ್ಳುತ್ತಾನೆ. ಆದರೆ ಅವರ ನಡುವೆ ಸಲಿಗೆ ಇಲ್ಲ. ಈ ‘ನೀನು’, ‘ನೀವು’ ಅಷ್ಟರಲ್ಲೇ ಯಾರಿಗೆ ಯಾರು ಅನ್ನುವುದು ಗೊತ್ತಾಗುತ್ತದೆ.

ಸಬ್‌ಟೈಟಲ್ ಎಡಿಟ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅದರಲ್ಲಿ ಪ್ರತಿ ಮಾತೂ ಅದು ನಡೆಯುವ ಹೊತ್ತಿಗೆ ತಕ್ಕ ಉದ್ದದ ಒಂದು ಅಡ್ಡಪಟ್ಟಿಯಾಗಿ ಕಾಣುತ್ತದೆ. ವಾಲ್ಟರ್–ಹಿಲ್ಡಿ ಮಾತಾಡುವಾಗ ಗಿಡ್ಡ ಗಿಡ್ಡ ಪಟ್ಟಿಗಳು, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬ್ರೂಸ್ ಬಾಯಿ ತೆರೆದರೆ ಉದ್ದದ ಪಟ್ಟಿ, ಆಮೇಲೆ ಒಂದಷ್ಟು ಖಾಲಿ ಜಾಗ. ಹಿಲ್ಡಿಯ ಮನಸ್ಸು ಯಾರ ಕಡೆ ಇದೆ ಅಂತ ನನಗೆ ಆ ಪಟ್ಟಿಗಳಲ್ಲೇ ಕಂಡಿತು. 1934ರಿಂದ ಹಾಲಿವುಡ್‌ನಲ್ಲಿ ಸೆನ್ಸಾರ್ ನಿಯಮ ಬಿಗಿಯಾಗಿತ್ತು, ಸರಸವನ್ನು ನೇರವಾಗಿ ತೋರಿಸುವಂತಿರಲಿಲ್ಲ. ಗಂಡು ಹೆಣ್ಣಿನ ಮಾತಿನ ಜಟಾಪಟಿಯೇ ಜೀವಾಳವಾದ ಈ ಥರದ ಹಾಸ್ಯ ಸಿನಿಮಾಗಳನ್ನು, ಅಂದರೆ ಸ್ಕ್ರೂಬಾಲ್ ಕಾಮಿಡಿಗಳನ್ನು, ಮಾಡಿದವರು ಅದನ್ನೆಲ್ಲ ಜಗಳದೊಳಗೆ ತುಂಬಿದರು. ಅದಕ್ಕೇ ಇವು ಇವತ್ತಿಗೂ ಹಳೆಯದಾಗಿಲ್ಲ ಅಂತ ನನ್ನ ನಂಬಿಕೆ. ಉಡುಪು, ಫೋನು, ಟೋಪಿ ಎಲ್ಲ ಹಳೆಯದಾಯಿತು. ಸರಿಸಾಟಿಯಾದ ಇಬ್ಬರು ಮಾತಿಗೆ ಮಾತು ಕೊಡುವ ಸುಖ ಹಾಗೇ ಇದೆ.

ಸೋತ ಜಾಗವೂ ಇದೆ. ಬ್ರೂಸ್ ನೋಡಲು ಹೇಗಿದ್ದಾನೆ ಅಂತ ಹೇಳುವಾಗ ವಾಲ್ಟರ್, ಸಿನಿಮಾದಲ್ಲಿ ಬರ್ತಾನಲ್ಲ ರಾಲ್ಫ್ ಬೆಲ್ಲಮಿ, ಅವನ ಥರ ಅನ್ನುತ್ತಾನೆ. ಬ್ರೂಸ್ ಪಾತ್ರ ಮಾಡಿದವನೇ ರಾಲ್ಫ್ ಬೆಲ್ಲಮಿ! ಇನ್ನೊಂದು ಕಡೆ ಆರ್ಚಿ ಲೀಚ್ ಎಂಬ ಹೆಸರು ಬರುತ್ತದೆ. ಅದು ವಾಲ್ಟರ್ ಆದ ಕ್ಯಾರಿ ಗ್ರಾಂಟ್‌ನ ಹುಟ್ಟುಹೆಸರು. ಇದನ್ನೆಲ್ಲ ಎರಡು ಸಾಲಿನಲ್ಲಿ ವಿವರಿಸಿದರೆ ನಗು ಸತ್ತೇಹೋಗುತ್ತದೆ. ಮೊದಲನೆಯದನ್ನು ಸಿನಿಮಾ ಶುರುವಾಗುವ ಮುಂಚೆ ಬಾಯಲ್ಲೇ ಹೇಳಿದೆ. ಎರಡನೆಯದನ್ನು ಬಿಟ್ಟುಬಿಟ್ಟೆ.

ಅಮ್ಮ, ಅವಳ ಮೂವರು ಗೆಳತಿಯರು ಬಂದು ಕೂತ ದಿನ ಟೀವಿಯಲ್ಲಿ ಅಕ್ಷರದ ಬದಲು ಚೌಕ ಚೌಕ ಡಬ್ಬಿಗಳು ಮೂಡಿದವು. ಕನ್ನಡ ಲಿಪಿ ಅದಕ್ಕೆ ಗೊತ್ತಿರಲಿಲ್ಲ. ಅವರೆಲ್ಲ ಕಾಫಿ ಕುಡಿಯುವಷ್ಟರಲ್ಲಿ ಸಬ್‌ಟೈಟಲನ್ನು ಚಿತ್ರದೊಳಗೇ ಸೇರಿಸಿ ಹೊಸ ಫೈಲ್ ಮಾಡಿದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗವನ್ನೂ ಜಾಸ್ತಿ ಮಾಡಿದೆ.

ಕೊನೆಯಲ್ಲಿ ಹಿಲ್ಡಿ ಅಳುತ್ತಾಳೆ. ಅಷ್ಟೊತ್ತು ಯಾರಿಗೂ ಸೋಲದವಳು, ವಾಲ್ಟರ್ ತನ್ನನ್ನು ನಿಜಕ್ಕೂ ಬ್ರೂಸ್ ಜೊತೆ ಕಳಿಸುತ್ತಿದ್ದಾನೆ ಅಂದುಕೊಂಡಿದ್ದೆ ಅಂತ ಬಿಕ್ಕುತ್ತಾಳೆ. ಅಲ್ಲಿ ನಾನು ಒಂದೇ ಸಾಲು ಉಳಿಸಿದ್ದೆ: “ಕಳಿಸಿಯೇಬಿಡ್ತೀಯ ಅಂದ್ಕೊಂಡೆ.”

“ಇಷ್ಟೊತ್ತೂ ಇವರು ಜಗಳ ಆಡ್ಲೇ ಇಲ್ಲ ಕಣೆ” ಅಂದಳು ಅಮ್ಮ. ಮೂವರೂ ಹೋದಮೇಲೆ, ಹೋಟೆಲಿನಲ್ಲಿ ಊಟಕ್ಕೆ ಕೂರುತ್ತಾರಲ್ಲ, ಆ ದೃಶ್ಯ ಇನ್ನೊಂದು ಸಲ ಹಾಕು ಅಂದಳು. “ಅಕ್ಷರ ಬೇಡ. ಹಾಗೇ ಹಾಕು.”